ಸಹಾಯ ಬೇಕು: ಆ್ಯಪ್‌ನಿಂದ ಕರೆದಾಗ ಮಾತ್ರ ಸ್ಟೋರ್ಡ್ ಪ್ರೊಸೀಜರ್ ನಿಧಾನ

ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಎಲ್ ಸರ್ವರ್ 2017 ಡೇಟಾಬೇಸ್‌ನಲ್ಲಿ ಒಂದು ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಕೋಡ್) ತಲೆ ತಿನ್ನುತ್ತಿದೆ. ಗ್ರಾಹಕರ ಐಡಿ ಕೊಟ್ಟರೆ ಬಿಲ್‌ಗಳ ಪಟ್ಟಿ ಕೊಡಬೇಕು, ಅಷ್ಟೇ ಕೆಲಸ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ (ಕ್ವೆರಿ ನೇರ ಓಡಿಸುವ ಟೂಲ್) ತಕ್ಷಣ ಮುಗಿಯುತ್ತದೆ. ಅದೇ ಐಡಿ ಡಾಟ್‌ನೆಟ್ ಆ್ಯಪ್‌ನಿಂದ ಹೋದರೆ 30 ಸೆಕೆಂಡ್ ಕಾಯಿಸಿ ಟೈಮ್‌ಔಟ್! ಬ್ಲಾಕಿಂಗ್ (ಬೇರೆ ಕ್ವೆರಿಯ ಲಾಕ್‌ಗೆ ಕಾಯುವುದು) ಇಲ್ಲ, ನೋಡಿದ್ದೇನೆ. ರೀಕಂಪೈಲ್ ಮಾಡಿ ಪ್ಲಾನ್ (ಕ್ವೆರಿ ಓಡಿಸುವ ದಾರಿ) ಹೊಸದಾಗಿ ಕಟ್ಟಿಸಿದರೆ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ ರಾಗ.

ಅರಿತ್‌ಅಬಾರ್ಟ್ ಎಂಬ ಕನೆಕ್ಷನ್ ಸೆಟ್ಟಿಂಗ್ ಸ್ಟುಡಿಯೋದಲ್ಲಿ ಆನ್, ಆ್ಯಪ್‌ನಲ್ಲಿ ಆಫ್. ಹಾಗಾಗಿ ಎರಡಕ್ಕೂ ಬೇರೆ ಪ್ಲಾನ್ ಕ್ಯಾಶ್ ಆಗುತ್ತದೆ, ಅಲ್ವಾ? ಪ್ಯಾರಾಮೀಟರ್ ಸ್ನಿಫಿಂಗ್ (ಮೊದಲು ಬಂದ ಐಡಿ ನೋಡಿ ಪ್ಲಾನ್ ಕಟ್ಟುವುದು) ಅಂತ ನನ್ನ ಗುಮಾನಿ. ಎರಡೇ ಬಿಲ್ ಇರುವ ಗ್ರಾಹಕರಿಗೆ ಕಟ್ಟಿದ ಪ್ಲಾನನ್ನೇ ಸಾವಿರಾರು ಬಿಲ್ ಇರುವ ಡೀಲರ್‌ಗೂ ಬಳಸುತ್ತಿದೆ.

ಪ್ರತಿ ಕರೆಗೂ ಪ್ಲಾನ್ ಹೊಸದಾಗಿ ಕಟ್ಟುವ ಆಪ್ಷನ್ ರೀಕಂಪೈಲ್ ಹಾಕಿದರೆ ಸಿಪಿಯು ಜಾಸ್ತಿ ತಿನ್ನುತ್ತದೇನೋ ಎಂಬ ಭಯ, ಕರೆಗಳು ವಿಪರೀತ. ಹಳೆಯ ಪ್ಲಾನ್‌ಗಳ ದಾಖಲೆ ಇಡುವ ಕ್ವೆರಿ ಸ್ಟೋರ್‌ನಲ್ಲಿ ಒಳ್ಳೆಯ ಪ್ಲಾನ್ ಫೋರ್ಸ್ ಮಾಡುವುದು ಮೇಲಾ? ಮಾಡಿ ನೋಡಿದವರು ಹೇಳಿ. ಸುಮ್ನೆ ಇಂಡೆಕ್ಸ್ ಹಾಕಿ ಅನ್ನಬೇಡಿ, ಇದೆ.