ಸ್ಟೀಲ್ ಸೈಕಲ್, ಲೋಡು, ವಾಬಲ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಸ್ಟೀಲ್ ಟೂರಿಂಗ್ (ಲಗೇಜು ಹೇರಿ ದೂರ ಹೋಗುವ) ಮತ್ತು ಆಲ್‌ರೋಡ್ (ಡಾಂಬರು, ಮಣ್ಣು ಎರಡರಲ್ಲೂ ಓಡುವ) ಸೈಕಲ್. ಖಾಲಿ ಇದ್ದಾಗ ಹೇಗೆ ಓಡುತ್ತವೆ, ಲಗೇಜು ಹೇರಿದಾಗ ಏನಾಗುತ್ತದೆ, ವಾಬಲ್ (ವೇಗದಲ್ಲಿ ಹ್ಯಾಂಡಲ್ ಎಡಬಲ ಅದುರುವುದು) ಯಾಕೆ ಬರುತ್ತದೆ ಎಂದು ಕೇಳಬಹುದು. ಫ್ರೇಮ್ ರಿಪೇರಿ ಮಾಡುವ, ಚಕ್ರ ಕಟ್ಟುವ ನಮ್ಮ ಮೆಕ್ಯಾನಿಕ್ ಉತ್ತರಿಸುತ್ತಾರೆ. ನಿಮ್ಮ ತೂಕ, ಲಗೇಜಿನ ತೂಕ, ಟೈರ್ ಅಗಲ ತಪ್ಪದೆ ಬರೆಯಿರಿ. ಫಾರ್ವರ್ಡ್ ಬೇಡ.

ಚಿಕ್ಕಮಗಳೂರು ಚೈನು: ಸರ್, ನಾನು 64 ಕಿಲೋ. ಹೊಸ ಸ್ಟೀಲ್ ಟೂರಿಂಗ್ ಸೈಕಲ್, 38 ಮಿಮೀ ಟೈರ್. ಲಗೇಜು ಇಲ್ಲದೆ ಓಡಿಸಿದರೆ ಜಡ, ಗುಂಡಿಗೆ ಬಿದ್ದರೆ ಬೆನ್ನಿಗೆ ಗುದ್ದಿದ ಹಾಗಾಗುತ್ತೆ. ಸ್ಟೀಲ್ ಅಂದ್ರೆ ಮೆತ್ತಗಿರುತ್ತೆ ಅಂದಿದ್ರಲ್ಲ ಎಲ್ಲರೂ?

ಮೆಕ್ಯಾನಿಕ್: ಸ್ಟೀಲ್ ಮೆತ್ತಗೂ ಅಲ್ಲ, ಗಡುಸೂ ಅಲ್ಲ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಗಟ್ಟಿ ಸ್ಟೀಲ್) ಇರಲಿ, ಹಳೇ ಹಾಲಿನವರ ಸೈಕಲ್ಲಿನ ಕಬ್ಬಿಣ ಇರಲಿ, ಬಾಗದೆ ತಡೆಯುವ ಗುಣ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಕ್ರೋಮೋಲಿ ಬೇಗ ಮುರಿಯಲ್ಲ, ಅದಕ್ಕೇ ಗೋಡೆ ತೆಳು ಮಾಡಬಹುದು, ಅಷ್ಟೇ. ಫ್ರೇಮ್ ಎಷ್ಟು ತಿರುಚಿಕೊಳ್ಳುತ್ತೆ ಅನ್ನೋದನ್ನು ಹೇಳೋದು ಟ್ಯೂಬಿನ ವ್ಯಾಸ. 25.4 ಮಿಮೀ ಬಾರ್ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಟ್ಯೂಬ್) ಬದಲು 28.6 ಹಾಕಿದರೆ, ಗೋಡೆ ದಪ್ಪ ಅಷ್ಟೇ ಇದ್ದರೂ, ತಿರುಚು ತಡೆಯುವ ಶಕ್ತಿ ಶೇಕಡಾ 40ರಷ್ಟು ಏರುತ್ತೆ. ನಿಮ್ಮದು 20–25 ಕಿಲೋ ಹೇರೋಕೆ ಅಂತಲೇ ಮಾಡಿದ ಫ್ರೇಮ್. ಖಾಲಿ ಇದ್ದಾಗ ಅದಕ್ಕೆ ಕೆಲಸವೇ ಇಲ್ಲ, ಹಲಗೆ ಥರ ಅನಿಸುತ್ತೆ. ಅದೇ ಸೈಕಲ್ಲಿಗೆ ಚೀಲ ಕಟ್ಟಿ ಮೂಡಿಗೆರೆ ದಾರಿ ಹಿಡಿಯಿರಿ, ನೆಟ್ಟಗಾಗುತ್ತೆ.

ಆದರೆ ಬೆನ್ನಿಗೆ ಗುದ್ದೋದು ಫ್ರೇಮ್ ಅಲ್ಲ, ಗಾಳಿ. ಅಂಗಡಿಯವರು 75 ಪಿಎಸ್‌ಐ ಗಾಳಿ ಹೊಡೆದು ಕೊಟ್ಟಿರ್ತಾರೆ. ನಿಮ್ಮ ತೂಕಕ್ಕೆ ಖಾಲಿ ಓಡಿಸುವಾಗ ಮುಂದೆ 38–40 ಪಿಎಸ್‌ಐ, ಹಿಂದೆ 48–50. ಹಿಂದೆ 20 ಕಿಲೋ ಕಟ್ಟಿದರೆ ಹಿಂದಿನದನ್ನು 60–65ಕ್ಕೆ ಏರಿಸಿ. ಟೈರ್ ಪಕ್ಕೆಯಲ್ಲಿ ಬರೆದ ಮಿತಿ ದಾಟಬೇಡಿ, ಊರಿಗೆ ವಾಪಸ್ ಬಂದ ಮೇಲೆ ಇಳಿಸೋದು ಮರೀಬೇಡಿ. ಪಂಕ್ಚರ್ ತಡೆಯೋ ದಪ್ಪ ಪಟ್ಟಿ ಇರುವ ಟೈರ್ ಆದರೆ ಸ್ವಲ್ಪ ಜಡ ಇದ್ದೇ ಇರುತ್ತೆ.

ಎರಡುಗಾಲಿ: ಮೇಡಂಗಳ ಕಡೆಯಿಂದ ಒಂದು ಪ್ರಶ್ನೆ ಸರ್. ನನ್ನ ಎತ್ತರ 5 ಅಡಿ 1 ಇಂಚು. 700 ಚಕ್ರದ ಆಲ್‌ರೋಡ್ ನೋಡಿದೆ, ತಿರುಗಿಸಿದಾಗ ಶೂ ತುದಿ ಮುಂದಿನ ಟೈರಿಗೆ ತಾಗುತ್ತೆ. ಲೋಡ್ ಹಾಕಿದರೆ ಇದು ಅಪಾಯವೇ?

ಹುಬ್ಬಳ್ಳಿ ಹ್ಯಾಂಡಲ್: ಸರ್ರ, ಹಿಂದಿನ ಚಕ್ರದಾಗ ಕಡ್ಡಿ ಮುರೀತಾವ್ರಿ. 32 ಕಡ್ಡಿ, ನಾನು 82 ಕಿಲೋ, ಲಗೇಜು 18. ಮೂರೂ ಸಲ ಚೈನ್ ಕಡೀದ, ಚಕ್ರದ ನಡುವಿನ ಹಬ್ಬಿನ ಹತ್ರ ಬಾಗಿದ ಜಾಗದಾಗ. ಮೋಪೆಡ್ ಕಡ್ಡಿ ಹಾಕಿಸ್ರಿ, ಜನ್ಮದಾಗ ಮುರಿಯಂಗಿಲ್ಲ ಅಂತ ಒಂದು ಮೆಸೇಜ್ ಬಂದೈತಿ.

ಮೆಕ್ಯಾನಿಕ್: ಮೋಪೆಡ್ ಕಡ್ಡಿ ಬೇಡ. ಅದು ದಪ್ಪ, ಅದಕ್ಕಾಗಿ ಹಬ್ಬಿನ ತೂತು ಕೊರೆದು ದೊಡ್ಡದು ಮಾಡಿದರೆ ಅಲ್ಯೂಮಿನಿಯಂ ಫ್ಲ್ಯಾಂಜೇ (ಕಡ್ಡಿ ಸಿಕ್ಕಿಸುವ ಅಂಚು) ಹರಿದು ಬರುತ್ತೆ. ಆಮೇಲೆ ಕಡ್ಡಿಯೂ ಇಲ್ಲ, ಹಬ್ಬೂ ಇಲ್ಲ.

ಕಡ್ಡಿ ಮುರಿಯೋದು ಭಾರಕ್ಕಲ್ಲ, ಸಡಿಲಕ್ಕೆ. ಪ್ರತಿ ಸುತ್ತಿಗೂ ಕೆಳಗೆ ಬಂದ ಕಡ್ಡಿ ಸಡಿಲ ಆಗಿ ಮತ್ತೆ ಬಿಗಿಯಾಗುತ್ತೆ, ಮೊಣಕೈ ಜಾಗದಲ್ಲಿ ಲೋಹ ದಣಿಯುತ್ತೆ. ಮೂರು ಮುರಿದಿವೆ ಅಂದರೆ ಆ ಬದಿಯ ಉಳಿದ 13 ಕೂಡ ಅಷ್ಟೇ ದಣಿದಿವೆ. ಒಂದೊಂದೇ ಬದಲಿಸ್ತಾ ಕೂರಬೇಡಿ. ಚೈನ್ ಬದಿಯ 16ನ್ನೂ ತೆಗೆದು 2.0/1.8/2.0 ಮಿಮೀ ಬಟೆಡ್ (ತುದಿ ದಪ್ಪ, ನಡು ತೆಳು) ಕಡ್ಡಿ ಹಾಕಿಸಿ. ಟೆನ್ಶನ್ ಮೀಟರಲ್ಲಿ 110–120 ಕೆಜಿಎಫ್ (ಕಿಲೋಗ್ರಾಂ ಬಲ) ಬರಲಿ, ರಿಮ್ಮಿನ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೇ ನಿಲ್ಲಿಸಿ. ಬೆಂಡ್ ತೆಗೆದ ಮೇಲೆ ಅಕ್ಕಪಕ್ಕದ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಜೋರಾಗಿ ಹಿಸುಕಿ, ಮತ್ತೊಮ್ಮೆ ಬೆಂಡ್ ನೋಡಬೇಕು. ಈ ಹಿಸುಕೋ ಕೆಲಸವನ್ನೇ ಎಲ್ಲರೂ ಬಿಡೋದು. 100 ಕಿಲೋ ಸಾಗಿಸೋರು ಮುಂದಿನ ಸಲ 36 ಕಡ್ಡಿಯ ರಿಮ್ ತಗೊಳ್ಳಿ.

ಚಾರ್ಮಾಡಿ ಇಳಿಜಾರು: ಸರ್, ನನಗೆ ನಿಜಕ್ಕೂ ಭಯ ಆಗಿದೆ. ಸ್ಟೀಲ್ ಆಲ್‌ರೋಡ್, ಫೋರ್ಕೂ ಸ್ಟೀಲ್, ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಟ್ಯೂಬ್) 430 ಮಿಮೀ, 42 ಮಿಮೀ ಟೈರ್. ನಾನು 78 ಕಿಲೋ. ಹಿಂದಿನ ಕ್ಯಾರಿಯರಿನಲ್ಲಿ 9+9 ಕಿಲೋ ಚೀಲ, ಮೇಲೆ ಟೆಂಟ್ ಸೇರಿ 6 ಕಿಲೋ. ಮುಂದೆ ಏನೂ ಇಲ್ಲ. ಕೊಟ್ಟಿಗೆಹಾರದಿಂದ ಇಳಿಯುವಾಗ 42 ಕಿಮೀ ವೇಗದಲ್ಲಿ ಹ್ಯಾಂಡಲ್ ಎಡಬಲ ಅದುರೋಕೆ ಶುರು, ಸೆಕೆಂಡಿಗೆ ಆರೇಳು ಸಲ. ಗಟ್ಟಿಯಾಗಿ ಹಿಡಿದಷ್ಟೂ ಜಾಸ್ತಿ ಆಯ್ತು.

ಕುಡ್ಲ ಕ್ಯಾರಿಯರ್: ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಟೈಟ್ ಮಾಡಿ ಮಾರಾಯ್ರೆ, ಹ್ಯಾಂಡಲ್ ಕಷ್ಟಪಟ್ಟು ತಿರುಗಬೇಕು ಅಷ್ಟು. ಇಲ್ಲಾಂದ್ರೆ ಹ್ಯಾಂಡಲಿಗೆ ಎರಡು ಲೀಟರಿನ ನೀರಿನ ಬಾಟ್ಲಿ ಎರಡು ನೇತು ಹಾಕಿ. ಬೇರೆ ಗ್ರೂಪಲ್ಲಿ ವೀಡಿಯೊ ಉಂಟು.

ಮೆಕ್ಯಾನಿಕ್: @ಕುಡ್ಲ ಕ್ಯಾರಿಯರ್, ಆ ವೀಡಿಯೊ ಇಲ್ಲಿ ಹಾಕಬೇಡಿ. ಹೆಡ್‌ಸೆಟ್ ಅಷ್ಟು ಬಿಗಿದರೆ ಗುಂಡುಗಳು ಕಪ್ಪಿನಲ್ಲಿ ಗುಳಿ ಬೀಳಿಸುತ್ತವೆ, ಮಧ್ಯದಲ್ಲಿ ಕಚ್ಚಿಕೊಳ್ಳುತ್ತೆ, ನೇರ ರಸ್ತೆಯಲ್ಲೇ ಸೈಕಲ್ ಹಾವಿನ ಥರ ಹೋಗುತ್ತೆ. ಹ್ಯಾಂಡಲಲ್ಲಿ ತೂಗಾಡುವ ನಾಲ್ಕು ಕಿಲೋ ನೀರು ಅದುರಾಟಕ್ಕೆ ಲೋಲಕ ಕಟ್ಟಿಕೊಟ್ಟ ಹಾಗೆ.

@ಚಾರ್ಮಾಡಿ ಇಳಿಜಾರು, ಮೊದಲು ಮತ್ತೆ ಹಾಗಾದರೆ ಏನು ಮಾಡಬೇಕು: ಎರಡು ಮಂಡಿಗಳಿಂದ ಬಾರ್ ಅನ್ನು ಅದುಮಿ ಹಿಡಿಯಿರಿ. ಸೀಟಿಂದ ಒಂದಿಷ್ಟು ಎದ್ದು ಭಾರ ಪೆಡಲ್ ಮೇಲೆ ಬಿಡಿ. ಕೈ ಸಡಿಲ ಬಿಡಿ, ಆದರೆ ಹ್ಯಾಂಡಲ್ ಬಿಡಬೇಡಿ. ಬ್ರೇಕ್ ಮೆಲ್ಲಗೆ, ಒಂದೇ ಸಮನೆ.

ಈಗ ಲೆಕ್ಕ. ನೀವು, ಸೈಕಲ್ ಸೇರಿ 92 ಕಿಲೋ ಅಂದುಕೊಳ್ಳಿ. ಖಾಲಿ ಇದ್ದಾಗ ಮುಂದಿನ ಚಕ್ರದ ಮೇಲೆ ಸುಮಾರು ಶೇಕಡಾ 42, ಅಂದರೆ 38–39 ಕಿಲೋ. 430ರ ಚೈನ್‌ಸ್ಟೇಯಲ್ಲಿ ಹಿಮ್ಮಡಿ ಚೀಲಕ್ಕೆ ತಾಗುತ್ತೆ ಅಂತ ಚೀಲವನ್ನು ಹಿಂದಕ್ಕೆ ಸರಿಸಿರ್ತೀರಿ. ಲಗೇಜಿನ ಭಾರ ಆಕ್ಸಲ್‌ಗಿಂತ 8 ಸೆಂಮೀ ಹಿಂದೆ ಹೋಯಿತು ಅಂದರೆ ಅದು ಸನ್ನೆಗೋಲಿನ ಹಾಗೆ ಮುಂದಿನ ಚಕ್ರದಿಂದ ಇನ್ನೂ ಎರಡು ಕಿಲೋ ಎತ್ತುತ್ತೆ. ಒಟ್ಟು 116 ಕಿಲೋದಲ್ಲಿ ಮುಂದಕ್ಕೆ ಉಳಿಯೋದು ಶೇಕಡಾ 32. ಶೇಕಡಾ 8ರ ಏರಿನಲ್ಲಿ ಅದು 24ಕ್ಕೆ ಇಳಿಯುತ್ತೆ, ಅದಕ್ಕೇ ಏರಿನಲ್ಲಿ ಮುಂದಿನ ಚಕ್ರ ಅಲೆಯೋದು. ಇಳಿಜಾರಿನ ಕಥೆ ಬೇರೆ: ಹಿಂದೆ ಎತ್ತರದಲ್ಲಿ ಕೂತ ಟೆಂಟು ಒಂದು ತುದಿ, ಫೋರ್ಕು ಇನ್ನೊಂದು ತುದಿ, ನಡುವೆ ತೆಳು ಬಾರ್ ತಿರುಚಿಕೊಳ್ಳುವ ಸ್ಪ್ರಿಂಗು. ಒಂದು ವೇಗದಲ್ಲಿ ತಾಳ ಕೂಡಿಕೊಳ್ಳುತ್ತೆ.

24 ಕಿಲೋವನ್ನು ಹೀಗೆ ಹಂಚಿ: ಫೋರ್ಕಿನ ಎರಡು ಬದಿಗೆ ತಲಾ 3 (ತುಂಬಾ ಫೋರ್ಕುಗಳ ಮಿತಿಯೇ ಅಷ್ಟು, ಕೈಪಿಡಿ ನೋಡಿ), ಫ್ರೇಮ್ ಚೀಲದಲ್ಲಿ ಸ್ಟವ್, ಟೂಲ್ಸ್ 4, ಹಿಂದೆ ತಲಾ 6, ಕ್ಯಾರಿಯರ್ ಮೇಲೆ ಸ್ಲೀಪಿಂಗ್ ಬ್ಯಾಗ್ ಮಾತ್ರ, 2. ಹಿಂದಿನ ಚೀಲದ ಕೊಕ್ಕೆ ಕ್ಯಾರಿಯರ್ ಕಂಬಿಗಿಂತ ದೊಡ್ಡದಿದ್ದರೆ ಒಳಗೆ ಪ್ಲಾಸ್ಟಿಕ್ ತುಂಡು ಹಾಕಿ, ಕೆಳಗಿನ ಕೊಕ್ಕೆಯೂ ಕಂಬಿಯನ್ನು ಹಿಡಿದಿರಲಿ. ಲೋಡ್ ಸಮೇತ ಕ್ಯಾರಿಯರ್ ತಲೆ ಹಿಡಿದು ಪಕ್ಕಕ್ಕೆ ತಳ್ಳಿ. ಸೀಟು ಅಲುಗದೆ ಅದೊಂದೇ ಅಲುಗಿದರೆ ಎಂ5 ಬೋಲ್ಟ್ ಸಡಿಲ. ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಹಾಕಿ 5–6 ನ್ಯೂಟನ್ ಮೀಟರಿಗೆ ಬಿಗಿಯಿರಿ. ಹೆಡ್‌ಸೆಟ್: ಮುಂದಿನ ಬ್ರೇಕ್ ಹಿಡಿದು, ಕೆಳಗಿನ ಕಪ್ಪಿನ ಸಂದಿಗೆ ಬೆರಳಿಟ್ಟು ಸೈಕಲ್ ಹಿಂದೆಮುಂದೆ ಅಲುಗಿಸಿ. ಟಿಕ್ ಅಂದರೆ ಆಟ ಇದೆ.

ಒಂದು ವಿಷಯ ಹೇಳಿ. ಇದೇ ಲೋಡಿಗೆ, ಇದೇ ಕಟ್ಟಿಗೆ ಮೊದಲೂ ಹೀಗಾಗಿತ್ತಾ?

ಬಿಆರ್‌ಎಂ ಹುಚ್ಚ: ಹೆಡ್‌ಸೆಟ್ ಬಿಗಿ ಮಾಡೋದು ಪೂರ್ತಿ ಸುಳ್ಳಲ್ಲ ಸರ್. ರೋಲರ್ ಬೇರಿಂಗ್ ಹೆಡ್‌ಸೆಟ್ ಹಾಕಿದರೆ ವಾಬಲ್ ನಿಲ್ಲುತ್ತೆ ಅಂತ ಓದಿದ್ದೀನಿ.

ಮೆಕ್ಯಾನಿಕ್: ರೋಲರ್‌ಗೆ ತನ್ನದೇ ಘರ್ಷಣೆ ಇದೆ, ಸ್ವಲ್ಪ ತಡೆಯುತ್ತೆ. ಅದು ಬೇರಿಂಗಿನ ಗುಣ. ಬಾಲ್ ಬೇರಿಂಗ್ ಹಿಂಡಿ ಅದೇ ಗುಣ ತರಿಸೋದು ಬೇರೆ.

ಬಿಆರ್‌ಎಂ ಹುಚ್ಚ: ಇದೆಲ್ಲ ಟ್ರೇಲ್ ಸಮಸ್ಯೆ, ಅಂದರೆ ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಬಿಂದುವಿಗಿಂತ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಅನ್ನೋದು. ಹೆಡ್ ಆ್ಯಂಗಲ್ 72, ಚಕ್ರದ ತ್ರಿಜ್ಯ 340 ಮಿಮೀ, ಫೋರ್ಕ್ ಆಫ್‌ಸೆಟ್ (ಆ ಗೆರೆಗಿಂತ ಆಕ್ಸಲ್ ಎಷ್ಟು ಮುಂದಿದೆ) 45 ಇದ್ದರೆ ಟ್ರೇಲ್ 63 ಮಿಮೀ. ಆಫ್‌ಸೆಟ್ 65 ಮಾಡಿದರೆ 42ಕ್ಕೆ ಬರುತ್ತೆ. ದೂರದ ಓಟದ ಫ್ರೆಂಚ್ ರಾಂಡೊನರ್ ಸೈಕಲ್‌ಗಳು ಹಾಗೇ ಇರೋದು, ಭಾರ ಮುಂದೆ.

ಹುಬ್ಬಳ್ಳಿ ಹ್ಯಾಂಡಲ್: ಏನ್ರೀ ನಿಮ್ಮ ಫ್ರೆಂಚ್! ಅವ್ರು ಹ್ಯಾಂಡಲ್ ಮುಂದ ಒಂದು ಸಣ್ಣ ಚೀಲ ಕಟ್ಟತಾರ. ನಾವು ಹಿಂದ 20 ಕಿಲೋ ಒಯ್ಯತೀವಿ. ಜಗತ್ತು ಸುತ್ತೋ ಟೂರಿಂಗ್ ಸೈಕಲ್ಲಿನಾಗ ಟ್ರೇಲ್ 60ರ ಮ್ಯಾಲೇ ಇರತದ.

ಬಿಆರ್‌ಎಂ ಹುಚ್ಚ: ಸುತ್ತಿದ್ದಾರೆ ಅಂದ ಮಾತ್ರಕ್ಕೆ ಅದು ಸರಿ ಅಂತಲ್ಲ. ಎತ್ತಿನ ಗಾಡಿಯಲ್ಲೂ ಕಾಶಿಗೆ ಹೋಗಿದ್ದಾರೆ.

ಹುಬ್ಬಳ್ಳಿ ಹ್ಯಾಂಡಲ್: ಎತ್ತಿನ ಗಾಡಿಗೆ ಟ್ರೇಲ್ ಎಷ್ಟಂತ ಹೇಳ್ರಿ ಹಂಗಾರ.

ಮೆಕ್ಯಾನಿಕ್: ಟ್ರೇಲ್ ಕಡಿಮೆ ಇದ್ದರೆ ಮುಂದಿನ ಭಾರ ತಿರುಗಿಸೋದು ಹಗುರ, ಜಾಸ್ತಿ ಇದ್ದರೆ ಖಾಲಿ ಸೈಕಲ್ ವೇಗದಲ್ಲಿ ನೆಟ್ಟಗೆ. ವಾಬಲ್ ಎರಡರಲ್ಲೂ ಬರುತ್ತೆ. ಇಬ್ಬರೂ ನಿಲ್ಲಿಸಿ.

ಆಗುಂಬೆ ಮಳೆ: ಕೇಬಲ್ ಡಿಸ್ಕ್ ಬ್ರೇಕ್, 160 ಮಿಮೀ ರೋಟರ್ (ಬ್ರೇಕಿನ ತಟ್ಟೆ), ಲಗೇಜು 20 ಕಿಲೋ. ಆಗುಂಬೆ ಇಳಿಯುವಾಗ ಸುಟ್ಟ ವಾಸನೆ, ಅರ್ಧ ಘಟ್ಟಕ್ಕೆ ಲಿವರ್ ಹ್ಯಾಂಡಲಿಗೆ ತಾಗಿತು. ನೀರು ಹಾಕಿ ತಣಿಸಬಹುದಾ?

ಮೆಕ್ಯಾನಿಕ್: ನೀರು ಹಾಕಬೇಡಿ, ರೋಟರ್ ಸೊಟ್ಟಗಾಗುತ್ತೆ. ಕೇಬಲ್ ಡಿಸ್ಕಿನಲ್ಲಿ ಪ್ಯಾಡ್ ಸವೆದಷ್ಟೂ ಅದಾಗೇ ಮುಂದೆ ಬರಲ್ಲ. ಮಳೆಯಲ್ಲಿ ರೆಸಿನ್ ಪ್ಯಾಡ್ ಒಂದೇ ಘಟ್ಟಕ್ಕೆ ಕರಗಿದ್ದೂ ಇದೆ. ಒಂದೇ ಪ್ಯಾಡ್ ಚಲಿಸುವ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ಆದರೆ ಚಕ್ರದ ಕಡೆಯ ತಿರುಗಣೆಯನ್ನು ಪ್ಯಾಡ್ ರೋಟರಿಗೆ ಸವರುವ ತನಕ ತಿರುಗಿಸಿ, ಒಂದು ಕ್ಲಿಕ್ ಹಿಂದೆ ಬಿಡಿ. ಲಗೇಜು ಇದ್ದರೆ ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡ್ ಹಾಕಿ, ರೋಟರ್ ಅದಕ್ಕೆ ಆಗುತ್ತಾ ಅಂತ ಮೊದಲು ನೋಡಿ. ಪ್ಯಾಡಿನ ಸರಕು 1 ಮಿಮೀಗಿಂತ ಕಡಿಮೆ ಇದ್ದರೆ ಘಟ್ಟಕ್ಕೆ ಹೋಗಬೇಡಿ. ಉದ್ದಕ್ಕೂ ಬ್ರೇಕ್ ಹಿಡಿದೇ ಇರಬೇಡಿ: ತಿರುವಿಗೆ ಮೊದಲು ಜೋರಾಗಿ ಹಿಡಿದು, ವೇಗ ಇಳಿಸಿ, ಬಿಟ್ಟುಬಿಡಿ.

ಮಂಡ್ಯ ಮಡ್‌ಗಾರ್ಡ್: ಸರ್, 40 ಮಿಮೀ ಟೈರಿಗೆ ಗಾಳಿ ಎಷ್ಟು?

ಮೆಕ್ಯಾನಿಕ್: ಮೇಲೆ ಬರೆದಿದೆ. ಅದಕ್ಕಿಂತ ಎರಡು ಮೂರು ಪಿಎಸ್‌ಐ ಕಡಿಮೆ.

ಬಿಆರ್‌ಎಂ ಹುಚ್ಚ: 40 ಗಂಟೆಯ 600 ಕಿಮೀ ಬಿಆರ್‌ಎಂಗೆ (ಸಮಯದ ಮಿತಿಯ ದೂರದ ಸವಾರಿ) ಆಲ್‌ರೋಡ್ ಸಾಕಾ, ಲಗೇಜು 5 ಕಿಲೋ ಮಾತ್ರ? ಗೇರ್ ಮುಂದೆ 46/30 ಹಲ್ಲು, ಹಿಂದೆ 11–34.

ಮೆಕ್ಯಾನಿಕ್: ಅದಕ್ಕೆ ಆಲ್‌ರೋಡೇ ಸರಿ, ಟೂರಿಂಗ್ ಫ್ರೇಮ್ ದಂಡ. 30/34 ಅಂದರೆ ಸುಮಾರು 24 ಗೇರ್ ಇಂಚು (ಕಡಿಮೆ ಆದಷ್ಟೂ ಹತ್ತೋದು ಹಗುರ), 5 ಕಿಲೋಗೆ ಯಾವ ಘಟ್ಟವೂ ಹತ್ತುತ್ತೆ. 20 ಕಿಲೋ ಕಟ್ಟಿದರೆ ಮಾತ್ರ 22/34 ಬೇಕು, 17.5 ಇಂಚು.

ಮಂಡ್ಯ ಮಡ್‌ಗಾರ್ಡ್: 42ಕ್ಕೆ ಸರ್?

ಎರಡುಗಾಲಿ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿತು. ಶೂ ತಾಗುವುದು.

ಹುಬ್ಬಳ್ಳಿ ಹ್ಯಾಂಡಲ್: ಮೇಡಂ, ವೇಗದಾಗ ಹ್ಯಾಂಡಲ್ ಅಷ್ಟು ತಿರುಗಂಗಿಲ್ಲ. ಲೋಡ್ ಹೇರಿ ಏರು ಹತ್ತೂವಾಗ, ಯೂ ಟರ್ನ್ ಹೊಡೆಯೂವಾಗ ತಾಗತದ, ಮಡ್‌ಗಾರ್ಡ್ ಇದ್ರ ಇನ್ನೂ ಜಾಸ್ತಿ. ಸಣ್ಣ ಸೈಜಿಗೆ 26 ಇಂಚು ಇಲ್ಲಾ 650ಬಿ, ಅಂದ್ರ 700ಕ್ಕಿಂತ ಸಣ್ಣ ಚಕ್ರದ ಫ್ರೇಮ್ ನೋಡ್ರಿ.

ಚಾರ್ಮಾಡಿ ಇಳಿಜಾರು: ಸರ್, ಹೋದ ವರ್ಷ ಇದೇ ಚೀಲ, ಇದೇ ತೂಕ, ಶಿರಾಡಿ ಇಳಿದಿದ್ದೆ, 45 ದಾಟಿದರೂ ಏನೂ ಆಗಿರಲಿಲ್ಲ. ಹೆಡ್‌ಸೆಟ್‌ನಲ್ಲಿ ಆಟ ಇಲ್ಲ, ಬೋಲ್ಟ್ ಬಿಗಿಯಾಗೇ ಇವೆ.

ಮೆಕ್ಯಾನಿಕ್: ಹಾಗಾದರೆ ಲಗೇಜು ಹಂಚೋ ಮಾತು ಪಕ್ಕಕ್ಕಿಡಿ. ಮೊದಲು ಇಲ್ಲದ ವಾಬಲ್ ಅದೇ ಲೋಡಿಗೆ ಈಗ ಬಂದಿದೆ ಅಂದರೆ ಎಲ್ಲೋ ಬಿಗುವು ಕಳೆದುಹೋಗಿದೆ. ಕಡ್ಡಿ, ಹಬ್ಬಿನ ಬೇರಿಂಗ್, ಕ್ಯಾರಿಯರ್ ಎಲ್ಲ ಸರಿ ಇದ್ದರೆ ಫ್ರೇಮೇ.

ಸೈಕಲ್ ತಲೆಕೆಳಗು ಮಾಡಿ. ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಟ್ಯೂಬ್) ಅಡಿ, ಹೆಡ್ ಟ್ಯೂಬಿಂದ (ಹೆಡ್‌ಸೆಟ್ ಕೂರುವ ಗಿಡ್ಡ ಟ್ಯೂಬ್) ಮೊದಲ 5 ಸೆಂಮೀ, ಸೋಪು ನೀರಲ್ಲಿ ತೊಳೆದು ಒರೆಸಿ. ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಉಬ್ಬು ಸಿಕ್ಕಿ ಪೇಂಟ್ ಸುಕ್ಕುಗಟ್ಟಿದ್ದರೆ ಯಾವುದೋ ಗುಂಡಿಗೆ ಬಿದ್ದು ಟ್ಯೂಬ್ ಮಡಚಿಕೊಂಡಿದೆ. ಉಬ್ಬು ಇಲ್ಲದೆ, ವೆಲ್ಡಿಂಗ್ ಅಂಚಿಗೆ ಕೂದಲಿನಷ್ಟು ತೆಳು ಕಂದು ಗೆರೆ ಇದ್ದರೆ ಅದು ಬಿರುಕು. ಬಾರಿನ ಅಡಿ, ಎರಡು ಚೈನ್‌ಸ್ಟೇ ಸೇರಿಸುವ ಬ್ರಿಜ್, ಫೋರ್ಕಿನ ಎರಡು ಕಾಲು ಸೇರುವ ಕ್ರೌನ್ ಕೂಡ ನೋಡಿ.

ಕುಡ್ಲ ಕ್ಯಾರಿಯರ್: ಬಿರುಕಾದ್ರೆ ಟೆನ್ಶನ್ ಯಾಕೆ? ಸ್ಟೀಲ್ ಅಲ್ವಾ, ಯಾವ ಊರಿನ ವೆಲ್ಡಿಂಗ್ ಶಾಪಲ್ಲೂ ಆಗ್ತದೆ. ಒಳಗೆ ಸುಟ್ಟ ಇಂಜಿನ್ ಆಯಿಲ್ ಹೊಯ್ದರೆ ಮತ್ತೆ ತುಕ್ಕೇ ಇಲ್ಲ.

ಮೆಕ್ಯಾನಿಕ್: ನಿಮಗೆ ಎರಡನೇ ಸಲ ಹೇಳ್ತಿದ್ದೀನಿ. ಬಟೆಡ್ ಟ್ಯೂಬಿನ ನಡು ಗೋಡೆ 0.6 ಮಿಮೀ, ನಿಮ್ಮ ಎಟಿಎಂ ಕಾರ್ಡಿಗಿಂತ ತೆಳು. ಗೇಟು ಕಿಟಕಿ ಮಾಡೋ ಆರ್ಕ್ ವೆಲ್ಡಿಂಗ್ ರಾಡು ಇಟ್ಟರೆ ತೂತು. ತೂತಾಗದಿದ್ದರೂ ಪಕ್ಕದ ಲೋಹ ಗಡುಸಾಗಿ ಅಲ್ಲೇ ಮತ್ತೆ ಸೀಳುತ್ತೆ. ಎಣ್ಣೆ ಹೊಯ್ದ ಟ್ಯೂಬಿಗೆ ಯಾರೂ ಟಿಗ್ (ತೆಳು ಲೋಹಕ್ಕೆ ಹೊಂದುವ ವೆಲ್ಡಿಂಗ್) ಆಗಲಿ ಹಿತ್ತಾಳೆ ಬೆಸುಗೆ ಆಗಲಿ ಹಾಕೋಕಾಗಲ್ಲ, ಬಿಸಿಗೆ ಹೊಗೆ ಬಂದು ಬೆಸುಗೆ ಕೂರಲ್ಲ, ಬೆಂಕಿಯೂ ಹತ್ತಬಹುದು.

ಕುಡ್ಲ ಕ್ಯಾರಿಯರ್: ಸಹಾಯ ಮಾಡ್ಲಿಕ್ಕೆ ಬಂದ್ರೆ ಬೈಯ್ತಾರೆ. ಇನ್ನು ನೀವೇ ನೋಡ್ಕೊಳ್ಳಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ. ಟ್ಯೂಬ್‌ಲೆಸ್, ವಿಮಾನದ ಪ್ಯಾಕಿಂಗ್ ಪ್ರಶ್ನೆಗಳು ಮುಂದಿನ ವಾರ.

ಚಾರ್ಮಾಡಿ ಇಳಿಜಾರು: ಗೆರೆ ಇದೆ ಸರ್. ಡೌನ್ ಟ್ಯೂಬ್ ಅಡಿ, ವೆಲ್ಡಿಂಗ್ ಅಂಚಿಗೆ, ಒಂದೂವರೆ ಸೆಂಮೀ. ಉಗುರು ಸಿಕ್ಕಿಕೊಳ್ಳುತ್ತೆ. ಪೇಂಟ್ ಮಾತ್ರ ಒಡೆದಿರಬಹುದಾ?

ಮೆಕ್ಯಾನಿಕ್: ಉಗುರು ಸಿಕ್ಕಿಕೊಂಡರೆ ಬಿರುಕು ಅಂತಲೇ ತಿಳಿಯಿರಿ. ಖಚಿತ ಬೇಕಿದ್ದರೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನಿಟ್ರೆಂಟ್ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣ) ಕೇಳಿ, ಮೂರು ಡಬ್ಬಿ ಬರುತ್ತೆ. ಆ ಜಾಗದ ಪೇಂಟನ್ನು ಪೇಂಟ್ ರಿಮೂವರಿನಿಂದ ತೆಗೆಯಿರಿ. ಉಜ್ಜಬೇಡಿ, ಉಜ್ಜಿದರೆ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತೆ. ಕ್ಲೀನರ್ ಹೊಡೆದು ಒಣಗಿಸಿ, ಕೆಂಪು ಹೊಡೆದು 10–15 ನಿಮಿಷ ಬಿಡಿ, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿಳಿ ಮೇಲೆ ಕೆಂಪು ಗೆರೆ ಒಸರಿದರೆ ಟ್ಯೂಬೇ ಸೀಳಿದೆ.

ಹಾಗಾದರೆ ಬಿರುಕಿಗೆ ಬೆಸುಗೆ ಹಾಕಿಸಿ ಮುಗಿಸಬೇಡಿ, ಡೌನ್ ಟ್ಯೂಬೇ ಬದಲಾಗಬೇಕು. ಅಲ್ಲಿಯವರೆಗೆ ಅಂಗಡಿಗೂ ಅದರ ಮೇಲೆ ಹೋಗಬೇಡಿ, ಖಾಲಿ ಇದ್ದರೂ. ಫೋರ್ಕು, ಹೆಡ್‌ಸೆಟ್ ಕಪ್ ತೆಗೆದು ಬರೀ ಫ್ರೇಮ್ ತನ್ನಿ. ಫೋರ್ಕನ್ನೂ ಬೇರೆಯಾಗಿ ತನ್ನಿ, ಅದರ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ) ಬುಡ ನೋಡಬೇಕು.