ಸಹಾಯ ಬೇಕು: ಪಲ್ಲವಿ ಆದಮೇಲೆ ಟ್ಯೂನ್ ಮುಂದಕ್ಕೆ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಂಪೋಸಿಂಗ್ ಕಲಿಯುತ್ತಿದ್ದೇನೆ. ಪಲ್ಲವಿಯ 8 ಬಾರ್ (ತಾಳದ ಸುತ್ತು) ಸಲೀಸಾಗಿ ಬರುತ್ತೆ, ಚರಣಕ್ಕೆ ಬಂದರೆ ಕೈಯೇ ಓಡಲ್ಲ. ಈಗಿನ ಟ್ಯೂನ್ ಎ ಮೈನರ್ ಸ್ಕೇಲ್‌ನಲ್ಲಿದೆ. ಎ ಮೈನರ್, ಎಫ್, ಸಿ, ಜಿ, ಇವೇ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು) ಸುತ್ತುತ್ತವೆ. ಚರಣವನ್ನು ಸಿ ಮೇಜರ್‌ಗೆ ತಿರುಗಿಸಿ ನೋಡಿದೆ. ಸ್ವರಗಳೆಲ್ಲ ಅವೇ ಅಲ್ವಾ, ಬದಲಾವಣೆ ಗೊತ್ತೇ ಆಗಲಿಲ್ಲ. ಡಿ ಮೈನರ್‌ಗೆ ಹೋದರೆ ಹೊಸತನ ಬರುತ್ತೆ, ಆದರೆ ಪಲ್ಲವಿಗೆ ವಾಪಸ್ ಬರುವಾಗ ಎಡವುತ್ತೆ. ಅಲ್ಲಿ ಇ 7 ಕಾರ್ಡ್ ಇಟ್ಟರೆ ಅದರಲ್ಲಿರೋ ಜಿ ಶಾರ್ಪ್ ಸ್ವರ ಟ್ಯೂನನ್ನು ಎ ಮೈನರ್‌ಗೆ ಎಳೆದು ತರುತ್ತೆ, ನಿಜ. ನನ್ನ ಕಿವಿಗೆ ಅದು ಸವಕಲು ಅನ್ನಿಸುತ್ತೆ.

'ಮೂಡ್ ಬರೋವರೆಗೆ ಕಾಯಿ' ಅನ್ನುತ್ತಾರೆ ಕೆಲವರು. ಸುಮ್ನೆ ಕಾಯುವುದರಲ್ಲಿ ನನಗೆ ನಂಬಿಕೆ ಇಲ್ಲ.

ನೀವು ಚರಣವನ್ನು ವಾದ್ಯ ಮುಟ್ಟದೆ ಬಾಯಲ್ಲೇ ಗುನುಗಿ, ಆಮೇಲೆ ಕಾರ್ಡ್ ಹುಡುಕುತ್ತೀರಾ? ಅಥವಾ ಅವೇ ಕಾರ್ಡ್ ಇಟ್ಟುಕೊಂಡು ಲಯ, ಸ್ಥಾಯಿ ಮಾತ್ರ ಬದಲಿಸುತ್ತೀರಾ?