ದೇಣಿಗೆಗೂ ಲಂಚಕ್ಕೂ ನಡುವಿನ ದುಡ್ಡಿಗೆ ಏನನ್ನುತ್ತೀರಿ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ಮೂರು ದಿನದಿಂದ ತಡಕಾಡುತ್ತಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೊಡಿ.

ಕಳೆದ ಭಾನುವಾರ ನಾವು ಒಂದಿಪ್ಪತ್ತು ಜನ ಸೇರಿ ‘ರಾಜಕೀಯದ ಮೇಲೆ ಹಣದ ಪ್ರಭಾವ’ ಅಂತ ಮಾತುಕತೆ ಇಟ್ಟುಕೊಂಡಿದ್ದೆವು. ಅದನ್ನು ಬರೆದಿಡುವ ಕೆಲಸ ನನ್ನ ತಲೆಗೆ ಬಂತು. ಮಾತಾಡುವಾಗ ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಬರೆಯಲು ಕೂತಾಗ ಸಿಕ್ಕಿಬಿದ್ದೆ. ಒಂದು ಕಂಪನಿ ಒಂದು ಪಕ್ಷಕ್ಕೆ ಚೆಕ್ಕಿನಲ್ಲೇ ದುಡ್ಡು ಕೊಡುತ್ತದೆ ಅಂದುಕೊಳ್ಳಿ. ಲೆಕ್ಕದಲ್ಲಿದೆ, ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ನಾಳೆ ನಮ್ಮ ಫೈಲು ಮುಂದೆ ಹೋಗಲಿ ಅನ್ನುವ ಆಸೆಯೂ ಆ ಚೆಕ್ಕಿನ ಜೊತೆಗೇ ಹೋಗುತ್ತದೆ. ಈ ದುಡ್ಡಿಗೆ ಕನ್ನಡದಲ್ಲಿ ಏನನ್ನಬೇಕು?

ಪತ್ರಿಕೆಗಳು ‘ದೇಣಿಗೆ’ ಅನ್ನುತ್ತವೆ. ನನಗೆ ಅದು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟ ಪದ. ದೇಣಿಗೆ ಅಂದ ಕೂಡಲೇ ಶಾಲೆಯ ಕೊಠಡಿ, ಅದರ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ಕಣ್ಣಮುಂದೆ ಬರುತ್ತವೆ. ಹೆಸರು ಕಾಣುವುದು ದೇಣಿಗೆಯ ಗುಣ, ಅಲ್ವಾ? 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು ಅಂತ ಕಾನೂನು ಹೇಳುವುದೂ ಇದಕ್ಕೇ. 2018ರಲ್ಲಿ ಬಂದ ಚುನಾವಣಾ ಬಾಂಡಿಗೆ, ಅಂದರೆ ಬ್ಯಾಂಕಿನಲ್ಲಿ ಕೊಂಡು ಹೆಸರು ಹೊರಬೀಳದಂತೆ ಪಕ್ಷಕ್ಕೆ ಕೊಡುವ ಪತ್ರಕ್ಕೆ, ಮಾತ್ರ ಈ ನಿಯಮದಿಂದ ವಿನಾಯಿತಿ ಇತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡಿತು. ಯಾರು ಯಾರಿಗೆ ಕೊಟ್ಟರು ಅಂತ ತಿಳಿಯುವ ಹಕ್ಕು ಮತದಾರರಿಗಿದೆ ಅಂದಿತು. ಅಲ್ಲಿಯವರೆಗೂ ನಾವು ಅದನ್ನು ದೇಣಿಗೆ ಅಂತಲೇ ಬರೆದೆವು. ನಮ್ಮ ಕೂಟದ ಒಬ್ಬರು “ಗುಪ್ತದಾನ ಅನ್ನಬಹುದಿತ್ತಲ್ಲ” ಅಂದರು. ನಗು ಬಂತು, ಆದರೆ ಪದ ಹೊಂದಲಿಲ್ಲ. ಗುಪ್ತದಾನದಲ್ಲಿ ತೆಗೆದುಕೊಂಡವರಿಗೂ ಕೊಟ್ಟವರು ಯಾರೆಂದು ಗೊತ್ತಾಗಬಾರದು. ಇಲ್ಲಿ ತೆಗೆದುಕೊಂಡವರಿಗೆ ಗೊತ್ತಾಗಲು ದಾರಿ ಇತ್ತು. ಕತ್ತಲಲ್ಲಿ ಉಳಿದವರು ಓಟು ಹಾಕುವವರು.

ಹಿಂದಿಯವರು ‘ಚಂದಾ’ ಅನ್ನುತ್ತಾರೆ. ನಮಗೆ ಚಂದಾ ಅಂದರೆ ವಾರಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವ ದುಡ್ಡು. ಪಕ್ಷಕ್ಕೆ ಕೋಟಿಗಟ್ಟಲೆ ಕೊಟ್ಟವರನ್ನು ಚಂದಾದಾರರು ಅಂದರೆ ಅವರೇ ನಕ್ಕಾರು. ‘ವಂತಿಗೆ’ ಒಳ್ಳೆಯ ಹಳೆಯ ಪದ, ತಲೆಗಿಷ್ಟು ಅಂತ ಪಾಲು ಹಾಕಿ ಕೂಡಿಸಿದ್ದು. ಆದರೆ ಕಾಲೇಜು ಸೀಟಿನ ವ್ಯವಹಾರಕ್ಕೆ ಸಿಕ್ಕಿ ಅದರ ಮಾನ ಹೋಗಿದೆ. ‘ಕಾಣಿಕೆ’ಯಲ್ಲಿ ದೊಡ್ಡವರನ್ನು ‘ಕಾಣಲು’ ಹೋದಾಗ ಬರಿಗೈಲಿ ಹೋಗಬಾರದು ಅನ್ನುವ ಭಾವ ಇನ್ನೂ ಉಳಿದಿದೆ, ಆ ಮಟ್ಟಿಗೆ ಹತ್ತಿರ. ಆದರೂ ದೇವರ ಹುಂಡಿಯ ನೆನಪು ಬಿಡುವುದಿಲ್ಲ.

ಹಾಗಾದರೆ ‘ಲಂಚ’ವೇ? ಅದು ಆರೋಪವಾಗುತ್ತದೆ, ಸಾಬೀತು ಮಾಡಬೇಕಾಗುತ್ತದೆ. ತಮಾಷೆಯೆಂದರೆ, ಲಂಚ ಅಂತ ಕಾನೂನು ಎಲ್ಲಿ ನೇರವಾಗಿ ಹೇಳುತ್ತದೋ ಅಲ್ಲಿ ನಾವು ಆ ಪದ ಬಳಸುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಓಟಿಗಾಗಿ ಮತದಾರರಿಗೆ ಏನನ್ನು ಕೊಟ್ಟರೂ, ಕೊಡುತ್ತೇನೆ ಅಂದರೂ ಅದು ಲಂಚವೇ. ಪತ್ರಿಕೆಯಲ್ಲಿ ಮಾತ್ರ ಅದು ‘ಆಮಿಷ’. ಸಂಸ್ಕೃತದಲ್ಲಿ ಆಮಿಷ ಅಂದರೆ ಮಾಂಸ, ಹಾಗಾಗಿ ಗಾಳಕ್ಕೆ ಸಿಕ್ಕಿಸುವ ತುಂಡು ಕೂಡ. ಅಂದರೆ ‘ಮತದಾರರಿಗೆ ಆಮಿಷ’ ಅನ್ನುವ ತಲೆಬರಹದಲ್ಲಿ ನಾವು ಮೀನುಗಳು. ಇದನ್ನು ಓದಿ ಯಾರಿಗೂ ಸಿಟ್ಟು ಬಂದಂತಿಲ್ಲ.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ದುಡ್ಡು ಕೆಳಗಿಳಿಯುವಾಗ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಆಮಿಷ, ಹಂಚಿಕೆ, ಓಟಿಗೆ ನೋಟು. ಶಾಸಕರಿಗೆ ಹೋಗುವಾಗ ಕುದುರೆ ವ್ಯಾಪಾರ. ಕಚೇರಿಯ ಮೇಜಿನ ಕೆಳಗಾದರೆ ಮಾಮೂಲು, ಗಿಂಬಳ. (ಸಂಬಳ-ಗಿಂಬಳ ಅಂತ ಸುಮ್ನೆ ಜೊತೆಗೆ ಬರುತ್ತಿದ್ದ ಪದ, ಪುಸ್ತಕ-ಗಿಸ್ತಕದ ಹಾಗೆ. ಅದು ಸ್ವಂತ ಅರ್ಥ ಸಂಪಾದಿಸಿಕೊಂಡ ರೀತಿಯನ್ನು ಮೆಚ್ಚಲೇಬೇಕು. ಗಿಸ್ತಕಕ್ಕೆ ಆ ಯೋಗ ಬರಲಿಲ್ಲ.) ಆದರೆ ದುಡ್ಡಿದ್ದವರಿಂದ ಪಕ್ಷಕ್ಕೆ, ಅಂದರೆ ಮೇಲಕ್ಕೆ ಹೋಗುವಾಗ ನಮ್ಮ ಬಾಯಲ್ಲಿರುವುದು ದೇಣಿಗೆ ಒಂದೇ. ಬಡವರ ಕೈಗೆ ಬಂದ ಐನೂರಕ್ಕೆ ಇಷ್ಟೊಂದು ಹೆಸರು, ಕೋಟಿಗೆ ಒಂದೇ ಒಂದು ಮರ್ಯಾದೆಯ ಹೆಸರು.

‘ಲಾಬಿ’ ಬಳಸಿ ಅಂತ ಕೆಲವರು ಹೇಳಿದರು. ಅದು ಬೇರೆಯೇ ತಲೆನೋವು. ಅಮೆರಿಕದಲ್ಲಿ ಲಾಬಿ ಮಾಡುವವರು ಹೊರಗಿನವರು. ಕಂಪನಿಗಳ, ಸಂಘಗಳ ಪರವಾಗಿ ಶಾಸನಸಭೆಯವರ ಹಿಂದೆ ಬೀಳುತ್ತಾರೆ. 1995ರ ಕಾಯ್ದೆಯಂತೆ ಅವರು ಹೆಸರು ನೋಂದಾಯಿಸಬೇಕು. ಕನ್ನಡದಲ್ಲಿ ಲಾಬಿ ಮಾಡುವವರು ಶಾಸಕರೇ! ‘ಸಚಿವ ಸ್ಥಾನಕ್ಕೆ ಲಾಬಿ’ ಅಂದರೆ ಅವರು ದೆಹಲಿಗೆ ಹೋಗಿ ಹೈಕಮಾಂಡ್ ಬಾಗಿಲಲ್ಲಿ ನಿಂತಿದ್ದಾರೆ ಅಂತ. ಕಂಪನಿಗಳ ಬಗ್ಗೆ ‘ಲಾಬಿ’ ಅಂತ ಬರೆದರೆ, ಅವಕ್ಕೂ ಮಂತ್ರಿಗಿರಿ ಬೇಕಾ ಅಂತ ಯಾರಾದರೂ ಕೇಳಬಹುದು.

ಇಷ್ಟಕ್ಕೇ ಬಿಡುತ್ತಿದ್ದೆ. ಆದರೆ ಭಾನುವಾರ ನಾನು ಬರೆದುಕೊಂಡ ಹಾಳೆಯ ಅಂಚಿನಲ್ಲಿ ಒಂದು ಸಾಲು ಇತ್ತು. ಹಿಂದಿನ ಬೆಂಚಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು, ಎರಡು ಗಂಟೆ ಸುಮ್ಮನಿದ್ದವರು, ಕೊನೆಗೆ ಹೇಳಿದ್ದು: “ಅಷ್ಟೆಲ್ಲ ಯಾಕಪ್ಪಾ, ಒಂದ್ಸಲ ಹಂಗಿಗೆ ಬಿದ್ರೆ ಮುಗೀತು.” ಆಗ ತಲೆಯಾಡಿಸಿ ಮುಂದೆ ಹೋಗಿದ್ದೆವು.

‘ಹಂಗು’! ನಾವು ಹುಡುಕುತ್ತಿದ್ದ ‘ಪ್ರಭಾವ’ ಇದೇ ಅಲ್ವಾ? ಪ್ರಭಾವ ಅನ್ನುವುದು ಕೊಟ್ಟವರ ಕಡೆಯಿಂದ ನೋಡುವ ಪದ, ಅದರಲ್ಲಿ ಒಂದಿಷ್ಟು ಹೊಗಳಿಕೆಯೂ ಇದೆ. ‘ಪ್ರಭಾವಿ ವ್ಯಕ್ತಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಂಗು ತೆಗೆದುಕೊಂಡವರ ಕುತ್ತಿಗೆಯಲ್ಲಿರುವುದು. ಯಾರೂ ಬಾಯಿಬಿಟ್ಟು ಕೇಳಬೇಕಿಲ್ಲ, ರಸೀದಿ ಬೇಕಿಲ್ಲ, ಆದರೂ ಎದುರಿಗೆ ಸಿಕ್ಕಾಗ ಕಣ್ಣು ತಾನಾಗಿಯೇ ಕೆಳಗಾಗುತ್ತದೆ. ‘ಹಣದ ಹಂಗಿನ ರಾಜಕೀಯ’ ಅಂತ ತಲೆಬರಹ ಬದಲಾಯಿಸಿದ್ದೇನೆ. ಆಡುಮಾತಿನ ‘ಹಂಗೂ ಹಿಂಗೂ’ ಜೊತೆ ಕಲಸಿಹೋದೀತೇ ಅನ್ನುವುದೊಂದೇ ಅನುಮಾನ.

ಇನ್ನು ಬಾಂಡ್ ತೀರ್ಪಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದ ‘ಕ್ವಿಡ್ ಪ್ರೊ ಕೋ’, ಅಂದರೆ ಕೊಟ್ಟದ್ದಕ್ಕೆ ಬದಲಾಗಿ ಏನನ್ನಾದರೂ ಪಡೆಯುವುದು. ‘ಪ್ರತಿಫಲ’ ಅಂತ ಬರೆದೆ, ಸಪ್ಪೆಯಾಯಿತು. ‘ಮುಯ್ಯಿ’ ಹೇಗೆ? ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಹಿಂತಿರುಗಿಸುವುದು. ಮೇಲ್ನೋಟಕ್ಕೆ ಉಡುಗೊರೆ, ಒಳಗೆ ಸಾಲ. ಹೊಲದ ಮುಯ್ಯಾಳಿನ ಲೆಕ್ಕವೂ ಇದೇ, ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ತೊಡಕು ಏನೆಂದರೆ ಇದರ ವ್ಯಾಕರಣ. ‘ಮುಯ್ಯಿ ತೀರಿಸಿದರು’ ಅಂದರೆ ಪಡೆದದ್ದನ್ನು ಹಿಂತಿರುಗಿಸಿದರು. ‘ಮುಯ್ಯಿ ತೀರಿಸಿಕೊಂಡರು’ ಅಂದರೆ ಸೇಡು. ನಡುವೆ ಒಂದು ‘ಕೊಳ್ಳು’ ನುಸುಳಿದರೆ ಟೆಂಡರ್ ಕೊಟ್ಟ ಸರ್ಕಾರ ಕಂಪನಿಯ ಮೇಲೆ ಹಗೆ ಸಾಧಿಸಿದಂತಾಗುತ್ತದೆ.

ನಿಮ್ಮ ಕಡೆ ಮುಯ್ಯಿ ಅಂದರೆ ಮೊದಲು ಯಾವ ಅರ್ಥ ಹೊಳೆಯುತ್ತದೆ, ಉಡುಗೊರೆಯೋ ಸೇಡೋ? ಮತ್ತೆ ಆ ಚೆಕ್ಕಿನ ದುಡ್ಡಿಗೆ ‘ಹಂಗಿನ ದುಡ್ಡು’ ಅಂತ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಒಂದೇ ಪದದಲ್ಲಿ ಹೇಳಲು ಆಗುತ್ತದಾ ನೋಡಿ. ವರದಿ ಶುಕ್ರವಾರ ಕೊಡಬೇಕು.